ಜಯಶೀಲಕ್ಕನ ಹೊಲಿಗೆ ಯಂತ್ರ

ಬಾಗಿಲು ಬಡಿದ ಸದ್ದಾದರೆ ಟೈಲರ್ ಜಯಶೀಲಕ್ಕ ಮೊದಲು ಕಿಟಕಿಯ ಪರದೆ ಎಳೆಯುತ್ತಿದ್ದಳು. ಅಂದು ಬಂದವರು ಸಾಲ ವಸೂಲಿಯವರು. "ಮನೆ ರಿಪೇರಿ ಸಾಲದ ಕಂತು ಕಟ್ಟಿಲ್ಲ, ಹೊಲಿಗೆ ಯಂತ್ರ ಒಯ್ಯುತ್ತೇವೆ," ಎಂದರು.

"ಸಾಲ ಅಂದಮೇಲೆ ಹೋಗಲೇಬೇಕಲ್ಲ, ಅಣ್ಣ," ಎಂದು ಮೇಜಿನ ಮೇಲಿದ್ದ ಕತ್ತರಿ, ಹೊಲಿಗೆ ಯಂತ್ರವನ್ನು ಕೆಣಕಿತು.

"ಸಾಲ ತೀರಿಸಬೇಕು, ನಿಜ. ಆದರೆ ಕಸುಬಿನ ಸಲಕರಣೆಯನ್ನು ಸಾಲಕ್ಕೆ ಜಪ್ತಿ ಮಾಡುವಂತಿಲ್ಲ. ವಕೀಲರೊಬ್ಬರು ಕರಿಕೋಟು ಹೊಲಿಸಲು ಬಂದು ಅಳತೆ ಕೊಡುವಾಗ ಇವಳಿಗೇ ಹೇಳಿದ್ದರು. ನಾನು ಹೋದರೆ ಇವಳು ದುಡಿದು ತೀರಿಸುವುದು ಹೇಗೆ?"

"ಮತ್ತೆ ಯಾಕೆ ಸುಮ್ಮನಿದ್ದಾಳೆ?"

"ವಾದಿಸಿದರೆ ಪಕ್ಕದ ಮನೆಗೆ ಕೇಳಿಸುತ್ತದಲ್ಲ."

"ಬೇಗ ಒಯ್ಯಿರಪ್ಪ, ಯಾರಾದರೂ ನೋಡ್ತಾರೆ," ಎನ್ನುತ್ತಾ ಜಯಶೀಲಕ್ಕ ತಾನೇ ಯಂತ್ರದ ಒಂದು ಬದಿ ಎತ್ತಿದಳು.

"ಅಮ್ಮಾ, ಯಾವ ಕಾನೂನಿನ ಪ್ರಕಾರ ಒಯ್ಯುತ್ತೀರಿ ಅಂತ ಒಂದೇ ಒಂದು ಮಾತು ಕೇಳಮ್ಮ," ಎಂದು ಯಂತ್ರ ಅವಳ ಕೈಯಲ್ಲೇ ಬೇಡಿಕೊಂಡಿತು.