ನೀಲವ್ವನ ಮುಂದಿನ ಹಲ್ಲು

ನದಿ ದಂಡೆಯ ಆ ಆಶ್ರಮಕ್ಕೆ ಜಪಕ್ಕೆ ಬರುವವರಿಗಿಂತ ಹಲ್ಲು ತೋರಿಸಲು ಬರುವವರೇ ಹೆಚ್ಚು. ಅಲ್ಲಿಯ ಗುರುಗಳಾದ ಗುರುಪಾದಯ್ಯನವರು ಹಲ್ಲಿನ ಡಾಕ್ಟರಾಗಿದ್ದು, ಆಮೇಲೆ ಕಾವಿ ಉಟ್ಟವರು. ಶಿಷ್ಯ ಮಹಾಂತ ಹೊಸದಾಗಿ ಕಲಿತು ಬಂದ ಡಾಕ್ಟರು. ಕೈ ಚಲೋ. ಮಾತು ಮಾತ್ರ ಕೈಗಿಂತ ಒಂದು ಹೆಜ್ಜೆ ಮುಂದೆ.

ಒಂದು ಮುಂಜಾನೆ ನೀಲವ್ವ ಬಂದಳು. ಊರಿನಲ್ಲಿ ಬಟ್ಟೆ ಹೊಲಿಯುವವಳು. ಹೋದ ವರ್ಷ ಅವಳ ಮುಂದಿನ ಹಲ್ಲಿನ ಚೂರು ಮುರಿದಿದ್ದಾಗ, ಹಲ್ಲಿನದೇ ಬಣ್ಣದ ಲೇಪ ಹಚ್ಚಿ ಸರಿಮಾಡಿದವನು ಮಹಾಂತ. ಈಗ ಮತ್ತೆ ಸೆರಗು ಬಾಯಿಗೆ ಅಡ್ಡ ಬಂದಿತ್ತು.

ಮಹಾಂತ ನೋಡಿದ. ಲೇಪದ ಅಂಚು ಒಡೆದಿತ್ತು. ಉಳಿದದ್ದು ಚಹಾದ ಬಣ್ಣಕ್ಕೆ ತಿರುಗಿತ್ತು.

"ಏನ್ ಕಡದ್ರಿ ಅಕ್ಕಾರ?"

"ದಾರ ಕಡೀತೀನ್ರಿ. ಹೊಲಿಯೂವಾಗ ದಿನಾ ಕಡಿಯೂದ ಐತಿ."

"ಒಡದು ಎಷ್ಟು ದಿನಾ ಆತು?"

"ಆರು ತಿಂಗಳಾತ್ರಿ. ಸಾಯೂತನಕ ಇರತೈತಿ ಅಂದಿದ್ರಿ ನೀವು. ನಾನ ಕೆಡಿಸೇನಿ ಅಂತ ಅಂಜಿ ಬರಲಿಲ್ಲ."

ಅವಳ ಕಣ್ಣು ತುಂಬಿದವು. ಅಲ್ಲೇ ಕೂತು ಕೇಳುತ್ತಿದ್ದ ಗುರುಗಳು ಶಿಷ್ಯನನ್ನು ಹೊರಗೆ ಕರೆದರು.

"ಸಾಯೂತನಕ ಅಂತ ಹೇಳಿದ್ದಿ ಏನು?"

"ಆವತ್ತ ಅಳಾಕತ್ತಿದ್ಲು, ಅಜ್ಜಾರ. ಹಂಗ ಅಂದ ಕೂಡ್ಲೆ ನಕ್ಕಳು."

"ಹಳೇದು ತಗದು ಹೊಸದು ಹಚ್ಚು. ಹಚ್ಚೂಕಿಂತ ಮೊದಲ ಎಲ್ಲಾ ಹೇಳು."

"ಎಲ್ಲಾ ಹೇಳಿದ್ರ ಎದ್ದು ಹೋಗ್ತಾಳ್ರಿ."

"ಹೋಗಲಿ."

ಮಹಾಂತನಿಗೆ ನಾಚಿಕೆಯಾಯಿತು. ಒಳಗೆ ಹೋಗಿ ನೀಲವ್ವನ ಎದುರು ಸ್ಟೂಲ್ ಎಳೆದುಕೊಂಡು ಕೂತ.

"ಅಕ್ಕಾರ, ಇದು ಹಲ್ಲಲ್ಲ, ಲೇಪ. ಐದು ವರ್ಷ ಇದ್ದೀತು, ಹೆಚ್ಚೂ ಇದ್ದೀತು, ಅದಕ್ಕಿಂತ ಮೊದಲೂ ಒಡದೀತು. ಒಡದ್ರ ಮತ್ತ ಹಚ್ಚಬೇಕು. ಚಹಾ ಕುಡದ್ರ, ಎಲಿ ಅಡಕಿ ತಿಂದ್ರ ಕಲಿ ಹಿಡೀತೈತಿ. ಹಲ್ಲು ಬೆಳ್ಳಗ ಮಾಡೂ ಔಷಧ ಇದಕ್ಕ ಹತ್ತಂಗಿಲ್ಲ. ದಾರಕ್ಕ ಕತ್ರಿ ಹಿಡೀರಿ. ಇದನ್ನೆಲ್ಲಾ ನಾ ಆವತ್ತ ಹೇಳಬೇಕಾಗಿತ್ತು."

ನೀಲವ್ವ ಒಂದೇ ಮಾತು ಕೇಳಿದಳು.

"ಹಂಗಾರ ಒಡದದ್ದು ನನ್ನ ತಪ್ಪಲ್ಲೇನ್ರಿ?"

"ಅಲ್ರಿ. ನಂದು."

ಅವಳು ಸೆರಗು ಇಳಿಸಿದಳು. ಕುರ್ಚಿಗೆ ತಲೆ ಆನಿಸಿ ಬಾಯಿ ತೆರೆದಳು.

ಕೆಲಸ ಮುಗಿದಾಗ ಮಧ್ಯಾಹ್ನವಾಗಿತ್ತು. ನೀಲವ್ವ ಕನ್ನಡಿ ನೋಡಿಕೊಂಡಳು, ಕೈಮುಗಿದು ಹೋದಳು. ಹೋಗುವಾಗ ಕಟ್ಟೆಯ ಮೇಲೆ ಸರದಿಗೆ ಕಾಯುತ್ತಿದ್ದ ಹೆಂಗಸರ ಜೊತೆ ನಿಂತು ಮಾತಾಡಿದಳು. ಸೆರಗು ಹೆಗಲ ಮೇಲೇ ಇತ್ತು.

ಮಹಾಂತ ಗುರುಗಳ ಬಳಿ ಬಂದ.

"ಅಜ್ಜಾರ, ಎಲ್ಲಾ ಹೇಳಿದೆ. ಆದ್ರೂ ಆಕಿ ಎದ್ದು ಹೋಗಲಿಲ್ಲ."

ಗುರುಗಳು ನದಿಯ ಕಡೆ ನೋಡುತ್ತಾ ಹೇಳಿದರು:

"ಆಕಿಗೆ ಬೇಕಾಗಿದ್ದು ಹಲ್ಲು, ತಮ್ಮಾ. ಸಾಯೂತನಕ ಅನ್ನೂ ಮಾತು ಬೇಕಾಗಿದ್ದು ನಿನಗ."