ಸೊರಗಿದ ಸೀತೆ

"ಕೇಳ್ರಪ್ಪೋ ಕೇಳಿ! ಅರಮನೆಯ ಉಪ್ಪರಿಗೆಯಲ್ಲಿ ಚಿಕ್ಕತಾಯಮ್ಮಣ್ಣಿಯವರ ಗೊಂಬೆಯಾಟದ ಕೋಣೆ ಕೆಟ್ಟು ಕೂತಿದೆ. ಅಮ್ಮಣ್ಣಿಯವರ ಮೂರು ಒಗಟು ಬಿಡಿಸಿ ಅದನ್ನು ಸರಿಮಾಡಿದವರಿಗೆ ಅರ್ಧ ರಾಜ್ಯ ಕೊಟ್ಟು ಮದುವೆ. ತಪ್ಪಿದರೆ ತಲೆ!"

ಹಾಲುಗಲ್ಲಿನ ಅರಸು ಕೆಂಚನಾಯಕ ಹೀಗೆ ಡಂಗುರ ಹೊಡೆಸಿದ. ಆ ಕೋಣೆಯನ್ನು ಕಟ್ಟಿಸಿದ್ದು ಅವನ ರಾಣಿ. ಒಂದು ಬಿಳಿ ಪರದೆ, ಅದರ ಹಿಂದೆ ದೀಪ, ನಡುವೆ ಬಣ್ಣದ ತೊಗಲುಗೊಂಬೆ. ರಾಣಿಯೂ ಮಗಳು ಅಮ್ಮಣ್ಣಿಯೂ ಒಂದೇ ಅಗಲವಾದ ಮಣೆಯ ಮೇಲೆ ಒತ್ತಿಕೊಂಡು ಕೂತು ಆಟ ನೋಡುತ್ತಿದ್ದರು. ರಾಣಿ ತೀರಿಕೊಂಡ ಮೇಲೆ ಅರಸ ಆ ಮೆಟ್ಟಿಲು ಹತ್ತಲಿಲ್ಲ. ಮಗಳು ಮಾತ್ರ ಹೋಗಿ ಒಬ್ಬಳೇ ಕೂರುತ್ತಿದ್ದಳು, ದಾಸಿಯೊಬ್ಬಳು ಗೊಂಬೆ ಹಿಡಿಯುತ್ತಿದ್ದಳು. ಆ ಮನೆತನದಲ್ಲಿ ಒಂದು ಕಟ್ಟಳೆ. ತೀರಿಹೋದವರು ಕೂರುತ್ತಿದ್ದ ಮಣೆಯ ಮೇಲೆ ಯಾರೂ ಕೂರುವಂತಿಲ್ಲ, ಅದನ್ನು ಕದಲಿಸುವಂತಿಲ್ಲ, ಅದರ ಮಾತೆತ್ತಿದವನ ತಲೆಯೂ ಉಳಿಯುವುದಿಲ್ಲ. ತಲೆ ತೆಗೆಯಲು ಅರಸರಿಗೆ ನೆಪ ಬೇಕೇ!

ಮೊದಲು ಬಂದವನು ನೆರೆನಾಡಿನ ರಾಜಕುಮಾರ ಗಜಸಿಂಹ. ಅಮ್ಮಣ್ಣಿ ಕೇಳಿದಳು:

"ಇರುವೆಯನ್ನು ಆನೆ ಮಾಡುತ್ತದೆ, ಮಾಡಿದ ಕೂಡಲೇ ಅದರ ಕಣ್ಣು ಮೂಗು ಅಳಿಸಿಬಿಡುತ್ತದೆ. ಯಾವುದದು?"

"ಅಧಿಕಾರ!" ಎಂದ ಗಜಸಿಂಹ, ಮೀಸೆ ತಿರುವುತ್ತ. ಅವನನ್ನು ಸೆರೆಮನೆಗೆ ನೂಕಿದರು.

ಎರಡನೆಯವನು ಆಸ್ಥಾನಕವಿ ರಸಭಟ್ಟ. ಅವನು ಹೇಗೋ ಮೂರನೆಯ ಒಗಟಿನವರೆಗೆ ಬಂದ. "ದೀಪ ಸರಿಯಿದೆ, ಪರದೆ ಸರಿಯಿದೆ, ಗೊಂಬೆಯೂ ಹಳೆಯದೇ. ಆದರೂ ನನ್ನ ಕಣ್ಣಿಗೆ ಸೀತೆ ಸೊರಗಿದ್ದಾಳೆ. ಯಾಕೆ?" ಎಂದಳು ಅಮ್ಮಣ್ಣಿ.

"ರಾಮನ ವಿರಹದಿಂದ!"

ಪಾಪ, ಅವನೂ ಸೆರೆಮನೆಗೆ ಹೋದ. ಇಬ್ಬರ ತಲೆಗೂ ಅಮಾವಾಸ್ಯೆಗೆ ಮುಹೂರ್ತವಾಯಿತು.

ಆಮೇಲೆ ಯಾರೂ ಬರಲಿಲ್ಲ. ಕೊನೆಗೆ ಬಂದವನು ಹೊಳೆಯಪ್ಪ, ಗೊಂಬೆಯಾಡಿಸುವವರ ಹುಡುಗ. ಅಪ್ಪ ಅವ್ವ ಇಬ್ಬರೂ ಇಲ್ಲ. ಮದ್ದಳೆಗೂ ಹಾಡಿಗೂ ಜನವಿಲ್ಲದ ಒಂಟಿಯನ್ನು ಯಾವ ಊರವರು ಆಟಕ್ಕೆ ಕರೆಯುತ್ತಾರೆ? ಗೊಂಬೆಪೆಟ್ಟಿಗೆ ಹೊತ್ತು ಅಲೆಯುತ್ತ, ಸಂಜೆಯಾದರೆ ಗೊಂಬೆಗಳ ಜೊತೆಗೇ ಮಾತಾಡುತ್ತಿದ್ದ. ತಲೆ ಹೋದರೆ ಅಳುವವರಿಲ್ಲ ಎಂಬ ಧೈರ್ಯ ಅವನದು.

ಇರುವೆಯ ಒಗಟಿಗೆ ಅವನು ತಡವರಿಸಲಿಲ್ಲ. "ದೀಪ, ಅಮ್ಮಣ್ಣಿ. ಗೊಂಬೇನ ದೀಪದ ಹತ್ರ ಹಿಡಿದ್ರೆ ನೆರಳು ಗೋಡೆಯಷ್ಟಾಯ್ತದೆ, ಆದ್ರೆ ಮಸಕು. ಕಣ್ಣು ಮೂಗು ಕಾಣಬೇಕಂದ್ರೆ ಗೊಂಬೆ ಪರದೆಗೆ ಒತ್ಕೊಂಡಿರಬೇಕು, ದೀಪ ಹಿಂದಕ್ಕೆ ಸರೀಬೇಕು."

"ನನ್ನ ಪರದೆ ಅರಮನೆಗೆ ಚಿಕ್ಕದು, ನನಗೆ ಸರಿ. ಅದನ್ನು ಯಾವ ಗೋಡೆಯಿಂದ ಅಳೆದರು?" ಎಂದು ಅಮ್ಮಣ್ಣಿ ಎರಡನೆಯ ಒಗಟು ಕೇಳಿದಳು.

"ಗೋಡೆಯಿಂದ ಅಳೆದಿಲ್ಲ, ಕೂತ ಜಾಗದಿಂದ ಅಳೆದವ್ರೆ. ಹನುಮಪ್ಪನ ಮುಖ ನೋಡೋವಾಗ್ಲೇ ಬಾಲಾನೂ ಕಾಣಬೇಕು. ಬಾಲ ಹುಡುಕೋಕೆ ಕತ್ತು ತಿರುಗಿಸೋ ಹಂಗಿದ್ರೆ ಪರದೆ ದೊಡ್ಡದಾಯ್ತು ಅಂತ."

ಅಮ್ಮಣ್ಣಿಗೆ ನಗು ಬಂತು. ನಕ್ಕು ಎಷ್ಟು ಕಾಲವಾಗಿತ್ತೋ, ದಾಸಿ ಬೆಚ್ಚಿ ನೋಡಿದಳು. ಆಮೇಲೆ ಅಮ್ಮಣ್ಣಿ ಸೀತೆಯ ಒಗಟನ್ನು ಮುಂದಿಟ್ಟಳು. "ಇದಕ್ಕೆ ಉತ್ತರ ನನಗೂ ಗೊತ್ತಿಲ್ಲ ಕಣೋ. ಅವಳನ್ನು ನೋಡಿದರೆ ಅಳು ಬರುತ್ತದೆ, ಅಷ್ಟೇ."

"ನೀವು ಕೂರೋ ಜಾಗದಲ್ಲಿ ನಾನೊಂದು ಗಳಿಗೆ ಕೂರಲಾ?"

ಕಂಬದ ಪಕ್ಕದ ಮೂಲೆ ಅದು. ಅವನು ಕೂತ, ದಾಸಿ ಗೊಂಬೆ ಹಿಡಿದಳು. ಹುಟ್ಟಿದಾಗಿನಿಂದ ಪರದೆಯ ಹಿಂದೆಯೇ ಇದ್ದವನು ಆಟವನ್ನು ಈಚೆಯಿಂದ ನೋಡಿದ್ದೇ ಇಲ್ಲ. ಸೀತೆಯ ಕೆಂಪು ಸೀರೆ ಕಂಡು ಬೆರಗಾದ. ಆದರೆ ಅವಳು ನಿಜಕ್ಕೂ ಕೋಲಿನಷ್ಟು ತೆಳ್ಳಗಾಗಿದ್ದಳು.

ಅವನ ಕಣ್ಣು ಪರದೆಯ ನೇರಕ್ಕಿದ್ದ ಖಾಲಿ ಮಣೆಯ ಮೇಲೆ ಹೋಯಿತು. ಉತ್ತರ ಹೊಳೆಯಿತು. ತಪ್ಪು ಹೇಳಿದರೂ ತಲೆ, ಮಣೆಯ ಮಾತೆತ್ತಿ ಸರಿ ಹೇಳಿದರೂ ತಲೆ. ಬಾಗಿಲ ಬಳಿ ಯಾರೋ ಉಸಿರು ಬಿಗಿಹಿಡಿದು ನಿಂತಂತಿತ್ತು.

"ಸೀತಮ್ಮ ಸೊರಗಿಲ್ಲ ಅಮ್ಮಣ್ಣಿ. ನೀವು ಓರೆಯಾಗಿ ಕೂರ್ತೀರ. ಓರೆಯಿಂದ ನೋಡಿದ್ರೆ ಯಾರಾದ್ರೂ ಸೊರಗೇ ಕಾಣ್ತಾರೆ. ಈ ದೀಪ, ಈ ಪರದೆ ಎಲ್ಲಾನೂ ನಿಮ್ಮಮ್ಮ ಆ ಮಣೆಗೆ ಅಂತ ಇಟ್ಟಿದ್ದು. ಬೇರೆ ಕಡೆ ಕೂತ್ರೆ ಸರಿಹೋಗಲ್ಲ."

ಬಾಗಿಲು ತೆರೆಯಿತು. ನಿಂತಿದ್ದವನು ಅರಸ. ಎಷ್ಟೋ ಕಾಲದ ಮೇಲೆ ಮೆಟ್ಟಿಲು ಹತ್ತಿ ಬಂದವನಿಗೆ ಏದುಸಿರು. ಕೈ ಕತ್ತಿಯ ಹಿಡಿಯ ಮೇಲಿತ್ತು.

ಅಮ್ಮಣ್ಣಿ ಅಪ್ಪನ ಮುಖ ನೋಡಿದಳು. ಎದ್ದು ನಡೆದಳು. ಮಣೆಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ ಕೂತಳು. ಪರದೆ ನೋಡಿದವಳೇ ಬಿಕ್ಕಿ ಬಿಕ್ಕಿ ಅತ್ತಳು. "ಅಪ್ಪಾಜಿ, ಸೀತೆ ಚೆನ್ನಾಗಿದ್ದಾಳೆ."

ಅರಸನ ಕೈ ಕತ್ತಿಯಿಂದ ಇಳಿಯಿತು. ಕಣ್ಣೊರೆಸಿಕೊಂಡು, "ಏನು ಬೇಕೋ ಕೇಳಯ್ಯ" ಎಂದ.

"ಸೆರೇಲಿರೋ ಇಬ್ಬರನ್ನೂ ಬಿಡಿ ಬುದ್ಧಿ. ರಾಜ್ಯ, ಮದುವೆ ಮಾತು ಆಮೇಲೆ ಅಮ್ಮಣ್ಣಿಯವ್ರು ಹೇಳಿದಂಗಾಗ್ಲಿ. ನನಗೆ ಒಂದು ಆಟಾನ ನೇರವಾಗಿ ಕೂತು ನೋಡೋ ಆಸೆ."

ಅಮ್ಮಣ್ಣಿ ಮಣೆಯ ಒಂದು ತುದಿಗೆ ಸರಿದು ಜಾಗ ಮಾಡಿದಳು. ದಾಸಿ ಅರಸ ಕೊಟ್ಟ ಸೆರೆಮನೆಯ ಬೀಗದ ಕೈ ಹಿಡಿದು ಓಡಿದ್ದಳು. ಗೊಂಬೆ ಹಿಡಿಯಲು ಬೇರೆ ಯಾರೂ ಇರಲಿಲ್ಲ. ಕೆಂಚನಾಯಕ ಕಿರೀಟ ತೆಗೆದು ಕೆಳಗಿಟ್ಟು, ಪರದೆಯ ಹಿಂದೆ ಹೋದ.

ಸೀತೆ ತಲೆಕೆಳಗಾಗಿ ಬಂದಳು. ಆದರೆ ಸೊರಗಿರಲಿಲ್ಲ.