ಗಾಳಿಗೂ ದಾರಿ ಬಿಡದ ಮುಚ್ಚಳ

ಹೆರಿಗೆ ಮಾಡಿಸಲು ಹೊರಟಿದ್ದ ದಾದಿ ಫಿಲೋಮಿನಾಳ ಹಳೆಯ ಜೀಪು ಕೆಮ್ಮಿ ಕೆಮ್ಮಿ ದಾರಿಯಲ್ಲೇ ನಿಂತಿತು. ರಿಪೇರಿ ಮೇಸ್ತ್ರಿ ದಾವಲಸಾಬ್ ಬಂದವನೇ, ಎಂಜಿನ್ನಿಗೆ ಪೆಟ್ರೋಲ್ ಬೆರೆಸಿ ಕೊಡುವ ಕಾರ್ಬ್ಯುರೇಟರನ್ನು ಬಿಚ್ಚಿ, ಊದಿ, ತೊಳೆದು ಮತ್ತೆ ಕೂರಿಸಿದ. ಜೀಪು ಜಪ್ಪಯ್ಯ ಅನ್ನಲಿಲ್ಲ. ಮತ್ತೆ ಬಿಚ್ಚಿದ.

ಮೂರನೆಯ ಸಲಕ್ಕೆ ಕಾರ್ಬ್ಯುರೇಟರಿಗೆ ರೋಸಿಹೋಯಿತು. "ನನ್ನಲ್ಲಿ ಕಸವಿಲ್ಲ, ನನಗೆ ಪೆಟ್ರೋಲೇ ಬರುತ್ತಿಲ್ಲ!"

"ತಪ್ಪಿಲ್ಲದಿದ್ದರೆ ನಿನ್ನನ್ನೇ ಏಕೆ ಬಿಚ್ಚುತ್ತಾರೆ?" ಎಂದಿತು ಬ್ಯಾಟರಿ.

"ಸುಲಭವಾಗಿ ಕೈಗೆ ಸಿಗುತ್ತೇನಲ್ಲ, ಅದಕ್ಕೆ!" ಎಂದ ಕಾರ್ಬ್ಯುರೇಟರು ಟ್ಯಾಂಕಿನ ಮೇಲೆ ರೇಗಿತು. "ನೀನೇಕೆ ಪೆಟ್ರೋಲ್ ಕಳಿಸುತ್ತಿಲ್ಲ?"

"ನನಗೆ ಉಸಿರೇ ಕಟ್ಟಿದೆ," ಎಂದು ಟ್ಯಾಂಕು ನರಳಿತು. "ಈ ಹೊಸ ಮುಚ್ಚಳವನ್ನು ಕೇಳು."

ಮೊನ್ನೆಯಷ್ಟೇ ಬಂದಿದ್ದ ಮುಚ್ಚಳ ಬೀಗಿತು. "ನಾನಿರುವಾಗ ಧೂಳಿರಲಿ, ಗಾಳಿಯೂ ಒಳಗೆ ಸುಳಿಯದು."

"ಗಾಳಿ ಒಳಗೆ ಹೋಗದೆ ಪೆಟ್ರೋಲ್ ಹೊರಗೆ ಬರುವುದು ಹೇಗೆ ಮಾರಾಯ?" ಎಂದಿತು ಟ್ಯಾಂಕು.

"ಅದು ನನಗೆ ಸಂಬಂಧಿಸಿದ್ದಲ್ಲ. ಮುಚ್ಚುವುದಷ್ಟೇ ನನ್ನ ಕೆಲಸ."

ಅಷ್ಟರಲ್ಲಿ ತಾಳ್ಮೆಗೆಟ್ಟ ದಾದಿ, "ಪೆಟ್ರೋಲಾದರೂ ಇದೆಯೋ ಇಲ್ಲವೋ ನೋಡೋಣ" ಎಂದು ಮುಚ್ಚಳ ತಿರುಗಿಸಿದಳು. ಟ್ಯಾಂಕು ಬುಸ್ಸೆಂದು ಗಾಳಿ ಎಳೆದುಕೊಂಡಿತು. ಮೇಸ್ತ್ರಿ ಕೀಲಿ ತಿರುಗಿಸಿದ. ಜೀಪು ನಾಲ್ಕು ಸಲ ಮುಕ್ಕರಿಸಿ ಗುಡುಗಿತು.

"ನೋಡಿದಿರಾ ಸಿಸ್ಟರ್, ಕಾರ್ಬ್ಯುರೇಟರಿನದೇ ತೊಂದರೆ!"

"ಬುಸ್ಸೆಂದದ್ದು ಅದಲ್ಲ, ಮೇಸ್ತ್ರಿಗಳೇ," ಎಂದ ದಾದಿ ಮುಚ್ಚಳವನ್ನು ಸಡಿಲವಾಗಿ ಕೂರಿಸಿ ಹೊರಟಳು.

"ಗಾಳಿ ನುಗ್ಗುತ್ತಿದೆ, ಯಾರಾದರೂ ಬಿಗಿ ಮಾಡಿ!" ಎಂದು ಮುಚ್ಚಳ ದಾರಿಯುದ್ದಕ್ಕೂ ಬೊಬ್ಬೆ ಹೊಡೆಯಿತು. ಕೈತುಂಬ ಕೆಲಸ ಸಿಕ್ಕಿದ ಕಾರ್ಬ್ಯುರೇಟರಿಗೆ ಉತ್ತರ ಕೊಡಲು ಪುರುಸೊತ್ತಿರಲಿಲ್ಲ. ಜೀಪು ಹೆರಿಗೆಯ ಮನೆ ಮುಟ್ಟಿದಾಗ ಮಗು ಇನ್ನೂ ಹುಟ್ಟಿರಲಿಲ್ಲ.